ಹಾಸಿಗೆ ಹುಣ್ಣು ಹಣೆಬರಹ ಅಲ್ಲ

ಪ್ಲೇ ಬಟನ್ ಒತ್ತಿದ ಮೇಲೆ ಇಷ್ಟರಲ್ಲೇ ನೀವು ಎಷ್ಟು ಸಲ ಅಲ್ಲಾಡಿದ್ದೀರಿ ಅಂತ ಗಮನಿಸಿದ್ದೀರಾ? ಬಸ್ಸಲ್ಲಿ ಕೂತಿದ್ದರೆ ಒಂದು ಸಲ ಕಾಲು ಸರಿಸಿರ್ತೀರಿ. ಮಲಗಿ ಕೇಳ್ತಿದ್ದರೆ ದಿಂಬು ಸರಿ ಮಾಡ್ಕೊಂಡಿರ್ತೀರಿ. ಇದನ್ನ ಯಾರೂ ನಮಗೆ ಹೇಳಿಕೊಟ್ಟಿಲ್ಲ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ಜೋಮು ಹಿಡಿಯುತ್ತೆ, ನೋಯುತ್ತೆ, ಮೈ ತಾನಾಗೇ ಸರಿದುಕೊಳ್ಳುತ್ತೆ. ಗಾಢ ನಿದ್ದೆಯಲ್ಲೂ ನಾವು ಮಗ್ಗುಲು ಬದಲಾಯಿಸ್ತಾನೇ ಇರ್ತೀವಿ.

ಹಾಗೆ ಸರಿದುಕೊಳ್ಳೋಕೆ ಆಗದವರ ಬಗ್ಗೆ ಇವತ್ತು ಮಾತಾಡೋಣ. ಸ್ಟ್ರೋಕ್ ಆಗಿ ಒಂದು ಭಾಗ ಬಿದ್ದುಹೋದವರು, ಸೊಂಟದ ಮೂಳೆ ಮುರಿದು ಮಲಗಿರೋ ಅಜ್ಜಿ, ಬೆನ್ನುಹುರಿಗೆ ಪೆಟ್ಟಾದ ಹುಡುಗ, ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಇರೋರು. ಇಂಥವರಿಗೆ ಬರೋ ಹುಣ್ಣನ್ನ ಹಾಸಿಗೆ ಹುಣ್ಣು ಅಂತೀವಿ, ಬೆಡ್‌ಸೋರ್ ಅಂತೀವಿ. ನಮ್ಮ ನರ್ಸಿಂಗ್ ಪುಸ್ತಕದಲ್ಲಿ ಪ್ರೆಷರ್ ಅಲ್ಸರ್ ಅಂತಿತ್ತು. 2016ರಲ್ಲಿ ಅಮೆರಿಕದ ತಜ್ಞರ ಸಮಿತಿ ಆ ಹೆಸರನ್ನೂ ಬದಲಾಯಿಸಿ ಪ್ರೆಷರ್ ಇಂಜುರಿ ಅಂತ ಕರೀತು, ಅಂದರೆ ಒತ್ತಡದಿಂದ ಆದ ಗಾಯ. ಈ ಹೆಸರೇ ಸರಿ ಅಂತ ನನಗೂ ಅನ್ನಿಸುತ್ತೆ. ಯಾಕಂದರೆ ಚರ್ಮ ಹರಿದು ಹುಣ್ಣು ಕಾಣೋಕೆ ಮೊದಲೇ ಗಾಯ ಆಗಿರುತ್ತೆ.

ನಾನು ನರ್ಸ್. ಸರ್ಕಾರಿ ಕಾಗದದಲ್ಲಿ ಈಗ ನಮ್ಮನ್ನ ಶುಶ್ರೂಷಾಧಿಕಾರಿ ಅಂತ ಬರೀತಾರೆ, ವಾರ್ಡಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಸಿಸ್ಟರೇ. ಊರು ಅರಸೀಕೆರೆ ತಾಲ್ಲೂಕಿನ ಗಂಡಸಿ. ಇಷ್ಟು ವರ್ಷದಲ್ಲಿ ಹಾಸಿಗೆ ಹುಣ್ಣಿನ ಬಗ್ಗೆ ನಾನು ಅತಿ ಹೆಚ್ಚು ಕೇಳಿರೋ ಮಾತು ಅಂದರೆ, "ಮಲಗಿದ ಮೇಲೆ ಹುಣ್ಣು ಆಗೇ ಆಗುತ್ತೆ ಬಿಡಿ ಸಿಸ್ಟರ್." ನಾನು ಇವತ್ತು ಹೇಳೋಕೆ ಬಂದಿರೋದು ಒಂದೇ ವಿಷಯ. ಆಗೇ ಆಗುತ್ತೆ ಅನ್ನೋದು ಸುಳ್ಳು. ಕೊನೆ ದಿನಗಳಲ್ಲಿರೋ ಕೆಲವು ರೋಗಿಗಳಲ್ಲಿ ಎಷ್ಟು ಮಾಡಿದರೂ ತಡೆಯೋಕೆ ಆಗಲ್ಲ, ನಿಜ. ಉಳಿದವರಲ್ಲಿ ಬಹುಪಾಲು ತಡೆಯಬಹುದು, ಮೊದಲನೇ ದಿನವೇ ಯಾರಾದರೂ ನೋಡಿದ್ದರೆ.

ಒಳಗಿನಿಂದ ಶುರುವಾಗೋ ಗಾಯ

ನಿಮ್ಮ ಹೆಬ್ಬೆರಳ ಉಗುರನ್ನ ಒಂದು ಸಲ ಒತ್ತಿ ನೋಡಿ. ಬೆಳ್ಳಗಾಯ್ತು ಅಲ್ವಾ? ಅಲ್ಲಿನ ರಕ್ತ ಪಕ್ಕಕ್ಕೆ ಸರೀತು. ಬಿಟ್ಟ ತಕ್ಷಣ ಮತ್ತೆ ಬಣ್ಣ ಬಂತು. ಮೂಳೆ ಮತ್ತು ಹಾಸಿಗೆಯ ಮಧ್ಯೆ ಸಿಕ್ಕಿಕೊಂಡ ಮಾಂಸಕ್ಕೂ ಇದೇ ಆಗೋದು. ವ್ಯತ್ಯಾಸ ಏನಂದರೆ ಅಲ್ಲಿ ಬಿಡೋರು ಯಾರೂ ಇರಲ್ಲ. ಗಂಟೆಗಟ್ಟಲೆ ರಕ್ತ ಹೋಗದಿದ್ದರೆ ಆ ಜಾಗ ಸಾಯೋಕೆ ಶುರು ಮಾಡುತ್ತೆ.

ಚರ್ಮಕ್ಕಿಂತ ಮಾಂಸ ಬೇಗ ಸೋಲುತ್ತೆ. ಹಾಗಾಗಿ ಎಷ್ಟೋ ಸಲ ಪೆಟ್ಟು ಮೊದಲು ಆಗೋದು ಮೂಳೆಯ ಪಕ್ಕದಲ್ಲಿ, ಆಳದಲ್ಲಿ. ನಮ್ಮ ಕಡೆಯೋರಿಗೆ ಹೇಳಬೇಕು ಅಂದರೆ ಅಟ್ಟದ ಮೇಲೆ ಉಂಡೆ ಕೊಬ್ಬರಿಗೆ ಅಂತ ಹಾಕಿರೋ ಕಾಯಿ ಇದ್ದ ಹಾಗೆ. ಹೊರಗಿಂದ ನೋಡಿದರೆ ಎಲ್ಲ ಕಾಯಿನೂ ಒಂದೇ. ಒಳಗೆ ಕೊಳೆತಿರೋದು ಗೊತ್ತಾಗೋದು ಒಡೆದಾಗ.

ಆಳದಲ್ಲಿ ಆದ ಈ ಗಾಯ ಚರ್ಮದ ಮೇಲೆ ನೇರಳೆ ಅಥವಾ ಕಪ್ಪು ಕಲೆಯಾಗಿ ಕಾಣಿಸಿಕೊಳ್ಳೋಕೆ 48ರಿಂದ 72 ಗಂಟೆ ಹಿಡಿಯಬಹುದು. ಇದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಗುರುವಾರ ಕಣ್ಣಿಗೆ ಬಿದ್ದ ಹುಣ್ಣು ಸೋಮವಾರ ಆಗಿರಬಹುದು.

ಸೋಮವಾರ ಆ ರೋಗಿ ಎಲ್ಲಿದ್ದರು? ನಮ್ಮ ಹೋಬಳಿಯ ಲೆಕ್ಕದಲ್ಲಿ ಯೋಚನೆ ಮಾಡಿ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಮನೆಯಲ್ಲಿ ಯಾರೂ ಇಲ್ಲ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಬೆಂಗಳೂರಲ್ಲಿ. ಪಕ್ಕದ ಮನೆಯೋರು ನೋಡೋ ಹೊತ್ತಿಗೆ ಎರಡು ಮೂರು ಗಂಟೆ ಕಳೆದಿದೆ. ಅಷ್ಟೂ ಹೊತ್ತು ಅಜ್ಜಿ ಸಿಮೆಂಟ್ ನೆಲದ ಮೇಲೆ ಒದ್ದೆ ಸೀರೆಯಲ್ಲಿ. ಆಮೇಲೆ 108 ಬಂತು, ಅರಸೀಕೆರೆ ತಾಲ್ಲೂಕು ಆಸ್ಪತ್ರೆಗೆ ಹೋದರು. ಅಲ್ಲಿ ಎಕ್ಸ್‌ರೇ ತೆಗೆದು ಹಾಸನಕ್ಕೆ ಕಳಿಸಿದರು. ಹಾಸನದಲ್ಲಿ ಸ್ಟ್ರೆಚರ್ ಮೇಲೆ ಸರದಿ ಕಾದರು. ಹಾಸಿಗೆ ಸಿಗೋ ಹೊತ್ತಿಗೆ ರಾತ್ರಿ. ಬೆಳಗ್ಗೆಯಿಂದ ರಾತ್ರಿವರೆಗೆ ಅಜ್ಜಿ ಒಂದೇ ಭಂಗಿಯಲ್ಲಿ, ಗಟ್ಟಿ ಹಲಗೆಯಂಥ ಸ್ಟ್ರೆಚರ್ ಮೇಲೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಎಲ್ಲರೂ ಮುರಿದ ಮೂಳೆ ನೋಡ್ತಿದ್ದರು, ಬೆನ್ನಿನ ಕೆಳಭಾಗ ಯಾರೂ ನೋಡಲಿಲ್ಲ.

ಮೂರನೇ ದಿನ ಕಲೆ ಕಾಣುತ್ತೆ. ಆಗ ಮನೆಯೋರು "ಆಸ್ಪತ್ರೆಯಲ್ಲಿ ಸರಿಯಾಗಿ ನೋಡ್ಕೊಳ್ಳಲಿಲ್ಲ" ಅಂತಾರೆ, ಆಸ್ಪತ್ರೆಯೋರು "ಬರೋವಾಗಲೇ ಇತ್ತು" ಅಂತಾರೆ. ಈ ಜಗಳದಲ್ಲಿ ಅಜ್ಜಿಗೆ ಏನೂ ಸಿಗಲ್ಲ.

ಅದಕ್ಕೇ ರೋಗಿ ದಾಖಲಾದ ದಿನವೇ ನರ್ಸ್ ತಲೆಯಿಂದ ಹಿಮ್ಮಡಿವರೆಗೆ ಚರ್ಮ ನೋಡಬೇಕು, ನೋಡಿದ್ದನ್ನ ಬರೀಬೇಕು. ನಾವು ಪರದೆ ಎಳೆದು "ಸ್ವಲ್ಪ ಮಗ್ಗುಲಾಗಿ ಅಮ್ಮ, ಬೆನ್ನು ನೋಡ್ತೀನಿ" ಅಂದಾಗ ಕೆಲವರು ಬೇಸರ ಮಾಡ್ಕೊತಾರೆ. ಮುರಿದಿರೋದು ಕಾಲು, ಬೆನ್ನು ಯಾಕೆ ನೋಡ್ತೀರಿ ಅಂತ. ಈಗ ನಿಮಗೆ ಕಾರಣ ಗೊತ್ತಾಯ್ತಲ್ಲ.

ನಮ್ಮ ಮೈಬಣ್ಣದಲ್ಲಿ 'ಕೆಂಪು' ಕಾಣಲ್ಲ

ಪುಸ್ತಕದಲ್ಲಿ ಮೊದಲ ಹಂತದ ಲಕ್ಷಣ ಅಂದರೆ ಚರ್ಮ ಕೆಂಪಾಗೋದು. ಬೆರಳಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಯ ಆಗದಿದ್ದರೆ ಅದು ಸ್ಟೇಜ್ 1. ಈ ವಿವರಣೆ ಬಂದಿರೋದು ಬಿಳಿ ಚರ್ಮದವರನ್ನ ನೋಡಿ. ಬಿಸಿಲಲ್ಲಿ ತೋಟದ ಕೆಲಸ ಮಾಡಿದ ನಮ್ಮ ತಾತನ ಬೆನ್ನಲ್ಲಿ ನೀವು ಕೆಂಪು ಹುಡುಕ್ತಾ ಕೂತರೆ ಸ್ಟೇಜ್ 1 ಯಾವತ್ತೂ ಸಿಗಲ್ಲ, ನೇರವಾಗಿ ಸ್ಟೇಜ್ 2 ಸಿಗುತ್ತೆ.

ಹಾಗಾಗಿ ನಾವು ಕಣ್ಣಿನ ಜೊತೆಗೆ ಕೈನೂ ಬಳಸ್ತೀವಿ. ಅನುಮಾನ ಇರೋ ಜಾಗವನ್ನ ಪಕ್ಕದ ಚರ್ಮದ ಜೊತೆ ಹೋಲಿಸಿ ನೋಡ್ತೀವಿ. ಅಲ್ಲಿ ಬಿಸಿ ಹೆಚ್ಚಿದೆಯಾ, ಅಥವಾ ತಣ್ಣಗಿದೆಯಾ? ಮುಟ್ಟಿದರೆ ಗಟ್ಟಿ ಅನ್ನಿಸುತ್ತಾ, ಇಲ್ಲ ನೀರು ತುಂಬಿದ ಹಾಗೆ ಮೆತ್ತಗಿದೆಯಾ? ಸುತ್ತಲಿನ ಬಣ್ಣಕ್ಕಿಂತ ಕಪ್ಪಾಗಿ, ನೇರಳೆಯಾಗಿ, ಮಿರಮಿರ ಹೊಳೀತಾ ಇದೆಯಾ? ಅಲ್ಲಿ ಮುಟ್ಟಿದಾಗ ಅವರು ಮುಖ ಹಿಂಡ್ತಾರಾ? ಇವುಗಳಲ್ಲಿ ಒಂದಿದ್ದರೂ ಆ ಕಡೆ ಮಲಗಿಸೋದು ನಿಲ್ಲಿಸ್ತೀವಿ.

ನೋಡಬೇಕಾದ ಜಾಗ ಯಾವುವು ಅಂದರೆ ಮೂಳೆ ಚರ್ಮಕ್ಕೆ ಹತ್ತಿರ ಇರೋ ಎಲ್ಲ ಕಡೆ. ತಲೆಯ ಹಿಂಭಾಗ, ಕಿವಿ, ಹೆಗಲ ಹಿಂದಿನ ಮೂಳೆ, ಮೊಣಕೈ, ಬೆನ್ನಿನ ಕೆಳತುದಿ, ಸೊಂಟದ ಎರಡೂ ಪಕ್ಕ, ಮಂಡಿಗಳ ಒಳಬದಿ, ಕಾಲಿನ ಗಿಣ್ಣು, ಹಿಮ್ಮಡಿ. ಆಮೇಲೆ ಮೈಗೆ ಹಾಕಿರೋ ಸಾಧನಗಳ ಕೆಳಗೆ. ಆಕ್ಸಿಜನ್ ಮಾಸ್ಕ್, ಮೂಗಿನ ಟ್ಯೂಬ್, ಯೂರಿನ್ ಪೈಪ್, ಪ್ಲಾಸ್ಟರ್ ಪಟ್ಟಿಯ ಅಂಚು. ಕೋವಿಡ್ ಸಮಯದಲ್ಲಿ ಎನ್-95 ಮಾಸ್ಕ್ ಹಾಕಿ ಡ್ಯೂಟಿ ಮುಗಿಸಿದ ನರ್ಸ್‌ಗಳ ಮೂಗಿನ ಮೇಲೆ, ಕೆನ್ನೆ ಮೇಲೆ ಗಾಯ ಆಗಿರೋ ಫೋಟೋಗಳನ್ನ ನೀವು ನೋಡಿರ್ತೀರಿ. ಅದೂ ಇದೇ ಗಾಯ. ಓಡಾಡೋ ಮನುಷ್ಯರಿಗೇ ಹಾಗಾದರೆ ಮಲಗಿದವರ ಗತಿ ಏನು ಯೋಚನೆ ಮಾಡಿ.

ಹಂತಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಸ್ಟೇಜ್ 1ರಲ್ಲಿ ಚರ್ಮ ಹರಿದಿರಲ್ಲ. ಸ್ಟೇಜ್ 2ರಲ್ಲಿ ಬೊಬ್ಬೆ ಅಥವಾ ಮೇಲ್ಪದರ ಕಿತ್ತ ಗಾಯ. ಸ್ಟೇಜ್ 3ರಲ್ಲಿ ಚರ್ಮದ ಕೆಳಗಿನ ಕೊಬ್ಬು ಕಾಣುತ್ತೆ. ಸ್ಟೇಜ್ 4ರಲ್ಲಿ ಮಾಂಸ, ಮೂಳೆ. ಮೊದಲ ಹಂತದಲ್ಲಿ ಹಿಡಿದು ಭಾರ ತೆಗೆದರೆ ಕೆಲವು ದಿನದಲ್ಲಿ ಸರಿಹೋಗಬಹುದು. ಮೂರು, ನಾಲ್ಕಕ್ಕೆ ಹೋದರೆ ತಿಂಗಳುಗಳೇ ಬೇಕು, ಎಷ್ಟೋ ಸಲ ಆಪರೇಷನ್ ಬೇಕು. ಸೋಂಕು ರಕ್ತಕ್ಕೆ ಸೇರಿದರೆ ಜೀವವೇ ಹೋಗಬಹುದು.

ಹಳೇ ಸೂಪರ್‌ಮ್ಯಾನ್ ಸಿನಿಮಾಗಳ ಹೀರೋ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳ್ಕೊಂಡರು. 2004ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ, ಸೋಂಕು ತಗುಲಿದ್ದ ಇಂಥದೇ ಒಂದು ಹುಣ್ಣಿಗೆ ಚಿಕಿತ್ಸೆ ನಡೀತಿತ್ತು. ದುಡ್ಡು, ದೊಡ್ಡ ಆಸ್ಪತ್ರೆ, ದಿನವಿಡೀ ನೋಡ್ಕೊಳ್ಳೋರು ಎಲ್ಲ ಇದ್ದ ಮನುಷ್ಯ ಅವರು.

ಆರು ಪ್ರಶ್ನೆ, 23 ಅಂಕ

ಯಾರಿಗೆ ಹುಣ್ಣು ಆಗೋ ಸಾಧ್ಯತೆ ಹೆಚ್ಚು ಅಂತ ಮೊದಲೇ ಲೆಕ್ಕ ಹಾಕೋಕೆ ನಮ್ಮ ಹತ್ತಿರ ಒಂದು ಅಳತೆ ಇದೆ. ಇಂಗ್ಲೆಂಡಿನ ಡೊರೀನ್ ನಾರ್ಟನ್ ಅನ್ನೋ ನರ್ಸ್ 1962ರಲ್ಲಿ ಇಂಥದ್ದೊಂದು ಅಳತೆ ಪ್ರಕಟಿಸಿದರು. ಆಮೇಲೆ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಮಾಡಿದ ಬ್ರೇಡನ್ ಸ್ಕೇಲ್ 1987ರಲ್ಲಿ ಬಂತು. ಇವರೂ ನರ್ಸ್‌ಗಳೇ. ಇವತ್ತು ಹೆಚ್ಚು ಬಳಕೆಯಲ್ಲಿರೋದು ಬ್ರೇಡನ್.

ಅದರಲ್ಲಿ ಆರು ಪ್ರಶ್ನೆ. ನೋವು, ಒತ್ತಡ ಗೊತ್ತಾಗುತ್ತಾ? ಮೈ ಎಷ್ಟು ಹೊತ್ತು ಒದ್ದೆ ಇರುತ್ತೆ? ಎದ್ದು ಓಡಾಡ್ತಾರಾ? ಹಾಸಿಗೆಯಲ್ಲಿ ತಾವೇ ಹೊರಳ್ತಾರಾ? ಊಟ ಎಷ್ಟು ಸೇರುತ್ತೆ? ಹಾಸಿಗೆಯಲ್ಲಿ ಜಾರೋದು, ಉಜ್ಜೋದು ಎಷ್ಟಿದೆ? ಮೊದಲ ಐದಕ್ಕೆ 1ರಿಂದ 4 ಅಂಕ, ಕೊನೆಯದಕ್ಕೆ 1ರಿಂದ 3. ಒಟ್ಟು 23. ಪರೀಕ್ಷೆ ಥರಾನೇ, ಕಡಿಮೆ ಬಂದರೆ ಅಪಾಯ. 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಚ್ಚರ, 12ಕ್ಕಿಂತ ಮೇಲೆ ಹೋಗದಿದ್ದರೆ ಅಪಾಯ ಜಾಸ್ತಿ.

ನಮ್ಮ ಸೊಂಟ ಮುರಿದ ಅಜ್ಜಿಗೆ ಹಾಕಿ ನೋಡೋಣ. ನೋವು ಚೆನ್ನಾಗಿ ಗೊತ್ತಾಗುತ್ತೆ, 4. ಮೂತ್ರ ಹಾಸಿಗೆಯಲ್ಲೇ ಆಗ್ತಿದೆ, 2. ಏಳೋ ಹಾಗಿಲ್ಲ, 1. ಹೊರಳೋಕೆ ಸ್ವಲ್ಪ ಮಾತ್ರ ಆಗುತ್ತೆ, 2. ಎರಡು ತುತ್ತು ಗಂಜಿ ಬಿಟ್ಟು ಏನೂ ಒಲ್ಲೆ ಅಂತಾರೆ, 2. ದಿಂಬಿನಿಂದ ಕೆಳಕ್ಕೆ ಜಾರ್ತಾನೇ ಇರ್ತಾರೆ, 1. ಒಟ್ಟು 12.

ಆದರೆ ಬರೀ 12 ಅಂತ ಕೇಸ್ ಶೀಟಲ್ಲಿ ಬರೆದು ಇಟ್ಟರೆ ಏನೂ ಉಪಯೋಗ ಇಲ್ಲ. ಯಾವ ಸಾಲಲ್ಲಿ ಅಂಕ ಹೋಯ್ತು ಅನ್ನೋದರಲ್ಲೇ ಕೆಲಸದ ಪಟ್ಟಿ ಇದೆ. ಮೂಳೆ ಕೂಡೋ ತನಕ ಅಜ್ಜಿನ ನಡೆಸೋಕೆ ಆಗಲ್ಲ. ಆದರೆ ಒದ್ದೆ ತಪ್ಪಿಸಬಹುದು, ಊಟ ಸರಿ ಮಾಡಬಹುದು, ಜಾರೋದು ನಿಲ್ಲಿಸಬಹುದು, ನಾವೇ ಹೊರಳಿಸಬಹುದು. ಅಂಕ ಕೊಡೋದು ನರ್ಸ್ ಕೆಲಸದ ಅರ್ಧ ಭಾಗ. ಆ ಅಂಕಕ್ಕೆ ತಕ್ಕ ಆರೈಕೆ ಶುರು ಮಾಡಿಸೋದು ಇನ್ನರ್ಧ.

2 ಗಂಟೆ ಎಲ್ಲಿಂದ ಬಂತು?

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅಂತ ಎಲ್ಲರೂ ಹೇಳ್ತಾರೆ. ಇದಕ್ಕೆ ಹೆಸರು ತಂದುಕೊಟ್ಟ ಕಥೆ ಎರಡನೇ ಮಹಾಯುದ್ಧದ್ದು. ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರು ಆ ಕಾಲದಲ್ಲಿ ಬದುಕ್ತಿದ್ದದ್ದು ಕಡಿಮೆ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಅವರನ್ನ ತೆಗೆದುಕೊಂಡು ಹೋಗ್ತಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅನ್ನೋ ಡಾಕ್ಟರ್ ಇವರಿಗೆ ಅಂತಲೇ ಒಂದು ವಾರ್ಡ್ ಶುರು ಮಾಡಿದರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಹೊರಳಿಸಲೇಬೇಕು ಅನ್ನೋದು ಅಲ್ಲಿನ ನಿಯಮ. ಮಾಡ್ತಿದ್ದದ್ದು ನರ್ಸ್‌ಗಳು ಮತ್ತು ವಾರ್ಡ್ ಸಹಾಯಕರು. ಸಾಯ್ತಾರೆ ಅಂತ ಕೈಬಿಟ್ಟಿದ್ದ ಹುಡುಗರು ಬದುಕಿ ವೀಲ್‌ಚೇರ್ ಮೇಲೆ ಕೂತರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಅವರಿಗೆ ಬಿಲ್ಲುಗಾರಿಕೆ ಸ್ಪರ್ಧೆ ನಡೀತು. ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯ್ತು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಬೆಳ್ಳಿ ಗೆದ್ದಾಗ ನಾವೆಲ್ಲ ಕುಣಿದಿದ್ದೆವು. ಆ ಕ್ರೀಡಾಕೂಟದ ಬೇರು ಹುಡುಕ್ತಾ ಹೋದರೆ ಒಂದು ವಾರ್ಡಲ್ಲಿ ರಾತ್ರಿಯೆಲ್ಲ ರೋಗಿಗಳನ್ನ ಹೊರಳಿಸ್ತಿದ್ದ ಕೈಗಳು ಸಿಗುತ್ತವೆ.

ನಮ್ಮ ಕಡೆ ಈ ಕಥೆ ದೂರದ್ದಲ್ಲ. ಗಂಡಸಿ, ಅರಸೀಕೆರೆ ಸುತ್ತ ತೆಂಗೇ ಜೀವನ. ಮರ ಹತ್ತಿ ಕಾಯಿ ಕೀಳೋರು ಜಾರಿ ಬಿದ್ದರೆ ಬೆನ್ನುಹುರಿಗೇ ಪೆಟ್ಟು. ಸೊಂಟದ ಕೆಳಗೆ ಏನೂ ಗೊತ್ತಾಗಲ್ಲ, ನೋವೂ ಗೊತ್ತಾಗಲ್ಲ. ನೋವಿಲ್ಲ ಅನ್ನೋದೇ ಅಲ್ಲಿ ದೊಡ್ಡ ಅಪಾಯ. ಇಪ್ಪತ್ತು ಮೂವತ್ತು ವಯಸ್ಸಿನ ಗಟ್ಟಿಮುಟ್ಟಾದ ಹುಡುಗ ಬಿದ್ದ ಪೆಟ್ಟಿನಿಂದ ಬದುಕಿ, ಮನೆಗೆ ಬಂದ ಮೇಲೆ ಹುಣ್ಣಿನಿಂದ ಸೋಲಬಾರದು. ಇಂಥವರಿಗೆ ಆಸ್ಪತ್ರೆಯಿಂದ ಹೊರಡೋ ಮೊದಲೇ ನಾವು ಹೇಳಿಕೊಡೋದು, ಕನ್ನಡಿ ಇಟ್ಟುಕೊಂಡು ದಿನಾ ತಮ್ಮ ಚರ್ಮ ತಾವೇ ನೋಡ್ಕೊಳ್ಳೋದು, ವೀಲ್‌ಚೇರಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತೋದು ಅಥವಾ ಮುಂದಕ್ಕೆ, ಪಕ್ಕಕ್ಕೆ ಬಾಗೋದು. ಬೆಂಗಳೂರಲ್ಲಿ 1959ರಿಂದ ಇರೋ ಎಪಿಡಿ ಸಂಸ್ಥೆಯಂಥ ಕಡೆ ಬೆನ್ನುಹುರಿ ಪೆಟ್ಟಾದವರಿಗೆ ಇದರ ತರಬೇತಿ ಸಿಗುತ್ತೆ.

ಎರಡು ಗಂಟೆ ಅನ್ನೋದು ಕಲ್ಲಲ್ಲಿ ಕೆತ್ತಿದ ನಿಯಮ ಅಲ್ಲ. ಬ್ರೇಡನ್ ಸ್ಕೇಲಿನ ಅದೇ ಬರ್ಗ್‌ಸ್ಟ್ರಾಮ್ ಮತ್ತು ಅವರ ಜೊತೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆ ಗುಣಮಟ್ಟದ ಫೋಮ್ ಹಾಸಿಗೆ ಮೇಲೆ ಮಲಗಿದ್ದ ವೃದ್ಧರಲ್ಲಿ 2, 3, 4 ಗಂಟೆಗಳ ಅಂತರಕ್ಕೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಹತ್ತಿ ಕುಗ್ಗಿ ಗಟ್ಟಿಯಾದ ನಮ್ಮ ಹಾಸಿಗೆಗೂ 4 ಗಂಟೆ ಬಿಡಬಹುದು ಅಂತ ಅಲ್ಲ. ಹಾಸಿಗೆ ನೋಡಿ, ಚರ್ಮ ನೋಡಿ ನರ್ಸ್ ಅಂತರ ಹೇಳ್ತಾರೆ. ಯಾರೂ ಹೇಳದಿದ್ದರೆ 2 ಗಂಟೆ ಅಂತ ಇಟ್ಟುಕೊಳ್ಳಿ.

ಮನೆಯಲ್ಲಿ ಏನು ಮಾಡಬೇಕು, ಏನು ಬಿಡಬೇಕು

ಈಗ ನಿಮ್ಮ ಕೈಗೆ ಬರೋಣ. ಶನಿವಾರ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದು ಊರಿಗೆ ಹೋಗೋ ಮೊಮ್ಮಗ, ಮೊಮ್ಮಗಳು ಮಾಡಬಹುದಾದ ಕೆಲಸ ಇದು.

ಮಗ್ಗುಲಿಗೆ ಮಲಗಿಸುವಾಗ ಪೂರ್ತಿ ಪಕ್ಕಕ್ಕೆ ತಿರುಗಿಸಬೇಡಿ, ಸೊಂಟದ ಮೂಳೆ ಮೇಲೆ ಎಲ್ಲ ಭಾರ ಬೀಳುತ್ತೆ. ಬೆನ್ನ ಹಿಂದೆ ಒಂದು ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸಾಕು. ಮಂಡಿಗಳ ಮಧ್ಯೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು. ಊಟದ ಹೊತ್ತು ಬಿಟ್ಟರೆ ತಲೆಕಡೆ 30 ಡಿಗ್ರಿಗಿಂತ ಎತ್ತರ ಬೇಡ, ಕೆಳಕ್ಕೆ ಜಾರ್ತಾರೆ. ಜಾರೋವಾಗ ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತೆ, ಒಳಗಿನ ಮೂಳೆ ಕೆಳಕ್ಕೆ ಹೋಗುತ್ತೆ, ಮಧ್ಯದ ರಕ್ತನಾಳ ಜಗ್ಗಿ ಹೋಗುತ್ತೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಮೂಟೆ ಎಳೆದ ಹಾಗೆ ಎಳೀಬೇಡಿ. ಸೊಂಟದ ಕೆಳಗೆ ಮಡಿಸಿದ ಬೆಡ್‌ಶೀಟ್ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಆದರೆ ಸೊಂಟ, ಬೆನ್ನುಮೂಳೆ ಹೊಸದಾಗಿ ಮುರಿದಿದ್ದರೆ ಹೇಗೆ ಹೊರಳಿಸಬೇಕು ಅಂತ ಡಾಕ್ಟರ್, ನರ್ಸ್ ತೋರಿಸಿಕೊಟ್ಟ ಮೇಲೆಯೇ ಮುಟ್ಟಿ.

"ಏರ್ ಬೆಡ್ ಹಾಕಿದ್ದೀವಲ್ಲ ಸಿಸ್ಟರ್, ಇನ್ನೂ ಹೊರಳಿಸಬೇಕಾ?" ಹೌದು, ಹೊರಳಿಸಬೇಕು. ಏರ್ ಬೆಡ್ ಸಹಾಯ ಮಾಡುತ್ತೆ, ನಿಮ್ಮ ಬದಲಿಗೆ ಕೆಲಸ ಮಾಡಲ್ಲ. ಸೊಂಟ ಇರೋ ಜಾಗದಲ್ಲಿ ಏರ್ ಬೆಡ್ ಕೆಳಗೆ ಅಂಗೈ ಹಾಕಿ ನೋಡಿ, ಕೈಗೆ ಮೂಳೆ ತಾಗಿದರೆ ಗಾಳಿ ಸಾಲದು. ಅದರ ಮೇಲೆ ಮೂರು ನಾಲ್ಕು ಕಂಬಳಿ, ರೆಕ್ಸಿನ್ ಹಾಸಿದರೆ ಕೊಟ್ಟ ದುಡ್ಡು ದಂಡ. ಒಂದು ತೆಳು ಹತ್ತಿ ಬಟ್ಟೆ ಸಾಕು.

ಇನ್ನು ಬಿಡಬೇಕಾದ್ದು. ಮೊದಲೆಲ್ಲ ನರ್ಸಿಂಗ್ ಶಾಲೆಯಲ್ಲೇ ಸ್ಪಿರಿಟ್ ಹಚ್ಚಿ ಬೆನ್ನು ತಿಕ್ಕಿ ಪೌಡರ್ ಹಾಕೋದನ್ನ ಕಲಿಸ್ತಿದ್ದರು. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಮೂಳೆ ಮೇಲಿನ ಚರ್ಮವನ್ನ ತಿಕ್ಕಬೇಡಿ ಅನ್ನುತ್ತೆ. ಕಪ್ಪಾಗಿರೋ ಜಾಗವನ್ನ ಉಜ್ಜಿದರೆ ಮೊದಲೇ ಸಾಯ್ತಿರೋ ಮಾಂಸ ಇನ್ನಷ್ಟು ಹಾಳಾಗುತ್ತೆ. ಸ್ಪಿರಿಟ್ ಚರ್ಮ ಒಣಗಿಸುತ್ತೆ, ಪೌಡರ್ ಬೆವರಲ್ಲಿ ಗಂಟು ಕಟ್ಟಿ ಮರಳಿನ ಹಾಗೆ ಉಜ್ಜುತ್ತೆ. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದು, ತಿಕ್ಕದೆ, ಸವರಿದ ಹಾಗೆ. ಹಿಮ್ಮಡಿ ಕೆಳಗೆ ಗ್ಲೌಸಲ್ಲಿ ನೀರು ತುಂಬಿ ಇಡೋದು, ಮಧ್ಯೆ ತೂತಿರೋ ರಿಂಗ್ ಮೇಲೆ ಕೂರಿಸೋದು, ಇವೂ ಬೇಡ. ರಿಂಗ್ ಸುತ್ತಲಿನ ರಕ್ತವನ್ನೇ ತಡೆಯುತ್ತೆ.

ಒದ್ದೆ ಆದ ತಕ್ಷಣ ಬದಲಾಯಿಸಿ, ಒರೆಸಿ, ಒತ್ತಿ ಒಣಗಿಸಿ. ಡೈಪರ್ ಹಾಕಿದ್ದೀವಿ ಅಂತ ರಾತ್ರಿಯಿಡೀ ಬಿಡಬೇಡಿ.

ಊಟ. ಮಲಗಿದವರಿಗೆ ಗಂಜಿ ಸಾಕು ಅನ್ನೋದು ನಮ್ಮ ಕಡೆ ರೂಢಿ. ಅಪಾಯದಲ್ಲಿ ಇರೋರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಂದರೆ 50 ಕೆ.ಜಿ. ಇರೋ ಅಜ್ಜಿಗೆ 60 ಗ್ರಾಂಗಿಂತ ಮೇಲೆ. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ. ಲೆಕ್ಕ ಹಾಕಿ, ಗಂಜಿಯಲ್ಲಿ ಎಲ್ಲಿಂದ ಬರುತ್ತೆ? ಮುದ್ದೆ ಜೊತೆ ಹುರುಳಿ ಸಾರು, ಹೆಸರುಕಾಳು, ಮೊಟ್ಟೆ, ಹಾಲು, ಮೊಸರು, ಕಡಲೆಕಾಯಿ, ತಿನ್ನೋರಿಗೆ ಮೀನು, ಕೋಳಿ. ಅಗಿಯೋಕೆ ಆಗದಿದ್ದರೆ ಮಿಕ್ಸಿಗೆ ಹಾಕಿ ಮೆತ್ತಗೆ ಮಾಡಿ ಕೊಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರ್ ಕೇಳಿ. ಶುಗರ್ ಇದ್ದರೆ ಹತೋಟಿಯಲ್ಲಿ ಇಡಿ.

ಹುಣ್ಣು ಆಗೇಬಿಟ್ಟಿದ್ದರೆ ಅರಿಶಿನ, ಹೈಡ್ರೋಜನ್ ಪೆರಾಕ್ಸೈಡ್, ಸೊಪ್ಪಿನ ರಸ ಅಂತ ಪ್ರಯೋಗ ಮಾಡಬೇಡಿ. ಸಲೈನ್ ಅಥವಾ ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಶುದ್ಧ ಬಟ್ಟೆ ಮುಚ್ಚಿ, ಆ ಕಡೆ ಭಾರ ಬೀಳದ ಹಾಗೆ ಮಲಗಿಸಿ ಆಸ್ಪತ್ರೆಗೆ ತೋರಿಸಿ. ಜ್ವರ, ಕೀವು, ಕೆಟ್ಟ ವಾಸನೆ, ಮಂಪರು ಇದ್ದರೆ ಅವತ್ತೇ ಹೊರಡಿ.

ಲೆಕ್ಕಕ್ಕೆ ಸಿಗದ ಕೆಲಸ

ಕೊನೆಗೆ ಸ್ವಲ್ಪ ನಮ್ಮ ಕಷ್ಟ. 30 ಜನ ರೋಗಿಗಳ ವಾರ್ಡು, ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಅಂತ ಇಟ್ಟುಕೊಳ್ಳಿ. ಅವರಲ್ಲಿ 8 ಜನ ತಾವಾಗಿ ಹೊರಳಲ್ಲ. ಒಬ್ಬರನ್ನ ಹೊರಳಿಸಿ, ಚರ್ಮ ನೋಡಿ, ಒದ್ದೆ ಬಟ್ಟೆ ಬದಲಿಸೋಕೆ 10 ನಿಮಿಷ. ಎಂಟು ಜನಕ್ಕೆ 80 ನಿಮಿಷ. ಎರಡು ಗಂಟೆಯಲ್ಲಿ ಉಳಿದದ್ದು 40 ನಿಮಿಷ. ಅದರಲ್ಲಿ ಇಂಜೆಕ್ಷನ್, ಡ್ರಿಪ್, ಬಿ.ಪಿ., ಹೊಸ ಅಡ್ಮಿಷನ್, ಬರವಣಿಗೆ ಎಲ್ಲ ಮುಗೀಬೇಕು. ಹಾಗಾಗಿ ಹೊರಳಿಸೋ ಕೆಲಸ ಸದ್ದಿಲ್ಲದೆ ಅಟೆಂಡರ್ ಆಗಿ ಬಂದ ಹೆಂಡತಿ, ಮಗಳು, ಸೊಸೆ ಮೇಲೆ ಬೀಳುತ್ತೆ. ಮನೆಗೆ ಹೋದ ಮೇಲೂ ಅವರ ಮೇಲೇ.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಹಾಸಿಗೆ ಹುಣ್ಣಿಗೆ ರೋಗವನ್ನ ದೂರಬೇಡಿ, ಆರೈಕೆಯನ್ನ ನೋಡಿ ಅನ್ನೋ ಅರ್ಥದಲ್ಲಿ ಬರೆದಿದ್ದರು. ಅದು ಸರಿ. ಆದರೆ ಆರೈಕೆ ಅಂದರೆ ನರ್ಸ್ ಒಬ್ಬರ ಮನಸ್ಸು ಮಾತ್ರ ಅಲ್ಲ, ಪಾಳಿಗೆ ಎಷ್ಟು ಜನ ಇದ್ದಾರೆ ಅನ್ನೋದೂ ಹೌದು. ಆಸ್ಪತ್ರೆಗಳ ಗುಣಮಟ್ಟ ಅಳೆಯೋ ಎನ್‌ಎಬಿಎಚ್, ದಾಖಲಾದ ಮೇಲೆ ಎಷ್ಟು ರೋಗಿಗಳಿಗೆ ಇಂಥ ಹುಣ್ಣು ಆಯ್ತು ಅಂತ ಲೆಕ್ಕ ಇಡಿಸುತ್ತೆ. ಒಳ್ಳೇದೇ. ಆದರೆ ಆಗದೆ ಉಳಿದ ಹುಣ್ಣಿಗೆ ಯಾವ ರಿಜಿಸ್ಟರಲ್ಲೂ ಕಾಲಂ ಇಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಅತ್ತೆಯನ್ನ ಹೊರಳಿಸಿದ ಸೊಸೆಯ ಕೆಲಸಕ್ಕೂ ಇಲ್ಲ. ಮನೆಯಲ್ಲಿ ಆ ಕೆಲಸ ಒಬ್ಬರೇ ಮಾಡ್ತಿದ್ದರೆ ರಾತ್ರಿಯ ಒಂದು ಪಾಳಿ ನೀವು ತಗೊಳ್ಳಿ. ಗಂಡು ಹುಡುಗರಿಗೂ ಸೇರಿಸಿ ಹೇಳ್ತಿದ್ದೀನಿ.

ಫೋನ್ ಕೈಯಲ್ಲೇ ಇದೆ, ಎರಡು ಕೆಲಸ ಮಾಡಿ. ಎರಡು ಗಂಟೆಗೊಮ್ಮೆ ಅಲಾರಂ ಇಡಿ, ಯಾವ ಮಗ್ಗುಲು ಅಂತ ಹೆಸರು ಕೊಡಿ. ಎಡ, ಬೆನ್ನು, ಬಲ. ಅನುಮಾನದ ಕಲೆ ಕಂಡರೆ ಅವರನ್ನ ಕೇಳಿ, ಹಗಲು ಬೆಳಕಲ್ಲಿ ಆ ಜಾಗದ ಫೋಟೋ ಮಾತ್ರ ತೆಗೆದು ನರ್ಸ್‌ಗೆ ತೋರಿಸಿ. ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ, ಅವರಿಗೂ ಮರ್ಯಾದೆ ಇದೆ. ನಿಮ್ಮೂರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರ್ತಾರೆ, ಬಹುತೇಕ ನರ್ಸಿಂಗ್ ಓದಿದವರೇ. ವಯಸ್ಸಾದವರ ಆರೈಕೆ, ಉಪಶಾಮಕ ಆರೈಕೆ ಅವರ ಕೆಲಸದ ಪಟ್ಟಿಯಲ್ಲೇ ಇದೆ. ಆಶಾ ಕಾರ್ಯಕರ್ತೆಗೆ ಹೇಳಿ ಅವರನ್ನ ಮನೆಗೆ ಕರೆಸಿ. ಸಲಹೆಗೆ 104 ಆರೋಗ್ಯ ಸಹಾಯವಾಣಿ ಇದೆ.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗೋ ದಿನ ಬಿಲ್ಲು, ಮಾತ್ರೆ ಚೀಟಿ ತಗೊಂಡು ಓಡಬೇಡಿ. "ಸಿಸ್ಟರ್, ಹೊರಳಿಸೋದು ಹೇಗೆ ಅಂತ ಒಂದು ಸಲ ನನ್ನ ಕೈಯಲ್ಲೇ ಮಾಡಿಸಿ" ಅಂತ ಕೇಳಿ. ಹತ್ತು ನಿಮಿಷ ಸಾಕು. ಎಷ್ಟೇ ಕೆಲಸ ಇದ್ದರೂ ಆ ಹತ್ತು ನಿಮಿಷ ನಾವು ಕೊಡ್ತೀವಿ. ಮನೆಯಲ್ಲಿ ಮಲಗಿದವರನ್ನ ನೋಡ್ಕೊಳ್ತಿರೋ ಯಾರಾದರೂ ನಿಮಗೆ ಗೊತ್ತಿದ್ದರೆ ಈ ಸಂಚಿಕೆ ಅವರಿಗೆ ಕಳಿಸಿ.